ಅಣಬೆಯನ್ನು ಬಾಣಲೆಯಲ್ಲೇ ಇರಲು ಬಿಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಅಣಬೆ ಮತ್ತು ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಒಂದು ಬರಹ ಬಂತು. ಅದು ಬಂದ ಮೇಲೆ ನನ್ನ ಅಣಬೆ ವ್ಯಾಪಾರ ಚುರುಕಾಯಿತು. ಹಾಗಾಗಿ ಮೊದಲು ಥ್ಯಾಂಕ್ಸ್ ಹೇಳಿಬಿಡುತ್ತೇನೆ. ತಕರಾರು ಆಮೇಲೆ.

ನನ್ನದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟ ಇದೆ, ಕೊಟ್ಟಿಗೆ ಇದೆ, ಕೊಟ್ಟಿಗೆಗೆ ಆತುಕೊಂಡ ಶೆಡ್ಡಿನಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇನೆ. ಭತ್ತದ ಹುಲ್ಲು ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಹಂಡೆಯಲ್ಲಿ ಬೇಯಿಸಿ, ನೀರು ಬಸಿದು, ಅಣಬೆ ಬೀಜದ ಜೊತೆ ಪದರ ಪದರವಾಗಿ ಚೀಲಕ್ಕೆ ತುಂಬುವುದು. ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಆ ಹದ ತಪ್ಪಿದರೆ ಚೀಲದಲ್ಲಿ ಹಸಿರು ಬೂಷ್ಟು ಬಂದು ಕೂರುತ್ತದೆ. ಹದ ಸರಿಯಾದರೆ 15-20 ದಿನದಲ್ಲಿ ಬಿಳಿ ಎಳೆ ಓಡಿ, ಬಿಡಿಬಿಡಿ ಹುಲ್ಲೆಲ್ಲ ಒಂದೇ ಗಟ್ಟಿಯಾಗುತ್ತದೆ. ಚೀಲ ಸೀಳಿ, ಗಾಳಿ ಆಡಿಸಿ, ನೀರು ಚಿಮುಕಿಸುತ್ತಿದ್ದರೆ ಕೆಲವೇ ದಿನಕ್ಕೆ ಸಣ್ಣ ಗುಂಡುಸೂಜಿ ತಲೆಗಳಂತೆ ಕಾಣಿಸಿಕೊಂಡು, ನೋಡುನೋಡುತ್ತಲೇ ಅಂಗೈ ಅಗಲ ಆಗುತ್ತವೆ. ಅಂಚು ಮೇಲೆ ಮಗುಚುವ ಮೊದಲೇ ಕೊಯ್ಯಬೇಕು. ತಡಮಾಡಿದರೆ ಶೆಡ್ಡಿನ ತುಂಬ ಬಿಳಿ ಬೀಜಕಣಗಳ ಧೂಳು, ನನಗೆ ದಿನವಿಡೀ ಕೆಮ್ಮು.

ಇಷ್ಟೆಲ್ಲ ಹೇಳಿದ್ದು, ನಾನು ಅಣಬೆ ಮಾರಿ ನಾಲ್ಕು ಕಾಸು ನೋಡುವವಳು ಎಂದು ನಿಮಗೆ ಗೊತ್ತಿರಲಿ ಅಂತ. ಅಣಬೆಯನ್ನು ಹೊಗಳಿದಷ್ಟೂ ನನಗೆ ಲಾಭ. ಆದರೂ ನಿಮ್ಮ ಪುಟ ಹೊಗಳಿದ ರೀತಿ ನನಗೆ ಸರಿ ಕಾಣಲಿಲ್ಲ.

"ವಾರಕ್ಕೆರಡು ಸಲ ಅಣಬೆ ತಿಂದರೆ ಕರುಳಿನ ಕೆಟ್ಟ ಬ್ಯಾಕ್ಟೀರಿಯಾ ನಾಶವಾಗಿ ಶುಗರ್ ಹತೋಟಿಗೆ ಬರುತ್ತದೆ" ಎಂಬ ಅರ್ಥದ ಮಾತು ಆ ಬರಹದಲ್ಲಿತ್ತು. ಅದರ ಕೆಳಗೇ ಅಣಬೆ ಪುಡಿಯ ಡಬ್ಬಿಯ ಜಾಹೀರಾತು. ಎರಡನ್ನೂ ಒಟ್ಟಿಗೆ ಓದಿದವರಿಗೆ ಎಲ್ಲಿ ಬರಹ ಮುಗಿಯಿತು, ಎಲ್ಲಿ ವ್ಯಾಪಾರ ಶುರುವಾಯಿತು ಎಂದು ತಿಳಿಯುವುದು ಕಷ್ಟ. ಪೇಟೆಗೆ ಪ್ಯಾಕೆಟ್ ಕೊಡಲು ಹೋದರೆ ಈಗ "ಕೆಜಿಗೆ ಎಷ್ಟು" ಎಂದು ಕೇಳುವವರಿಗಿಂತ "ಅಮಾ, ಇದು ಶುಗರಿಗೆ ಆಗ್ತದಂತಲ್ಲ?" ಎಂದು ಕೇಳುವವರೇ ಜಾಸ್ತಿ. ಒಬ್ಬ ಅಜ್ಜಿಯಂತೂ, ಊಟಕ್ಕೆ ಮುಂಚೆ ತಿನ್ನಬೇಕೋ ಆಮೇಲೋ ಎಂದು ಕೇಳಿದರು. ಪಲ್ಯವನ್ನು ಊಟಕ್ಕೆ ಮುಂಚೆ ತಿನ್ನುವುದು ಹೇಗೆ ಹೇಳಿ!

ಮದುವೆಗೆ ಮುಂಚೆ ನಾನೂ ಬಿ.ಎಸ್ಸಿ. ಮುಗಿಸಿದವಳೇ. ನನ್ನ ನಾದಿನಿಯ ಮಗಳು ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಅವಳನ್ನು ಕೂರಿಸಿಕೊಂಡು, ಅಣಬೆ ಮತ್ತು ಕರುಳಿನ ಬಗ್ಗೆ ನಿಜವಾಗಿ ಏನೇನು ಸಂಶೋಧನೆ ಆಗಿದೆ ಎಂದು ಓದಿಸಿದೆ. "ಅತ್ತೆ, ನಿಮ್ಮ ಅಣಬೆ ಕೊಯ್ಯೋದಕ್ಕಿಂತ ಇದು ಕಷ್ಟ" ಎಂದು ಗೊಣಗುತ್ತಲೇ ಓದಿದಳು. ಅದರಲ್ಲಿ ನನಗೆ ದಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಣಬೆಯ ಒಳಗೆ ಏನಿದೆ ಎಂಬುದು. ಬಹುಪಾಲು ನೀರು. ಬಟನ್ ಮಶ್ರೂಮ್ ಎನ್ನುವ ಗುಂಡಿ ಅಣಬೆಯಲ್ಲಿ ನೂರಕ್ಕೆ 92 ಪಾಲು, ಚಿಪ್ಪು ಅಣಬೆಯಲ್ಲಿ ಸುಮಾರು 89 ಪಾಲು. 100 ಗ್ರಾಂ ಹಸಿ ಚಿಪ್ಪು ಅಣಬೆಯಲ್ಲಿ ಪ್ರೋಟೀನು 3 ಗ್ರಾಂ ಚಿಲ್ಲರೆ, ನಾರು 2 ಗ್ರಾಂ ಚಿಲ್ಲರೆ. ಇಷ್ಟೇ. ಪುಟಗಟ್ಟಲೆ ಹೊಗಳಿಕೆ ಬರುವುದು ಈ 2 ಗ್ರಾಂ ನಾರಿನ ಮೇಲೆ.

ಆದರೆ ಆ ನಾರು ಹುರುಳಿಕಾಯಿಯ ನಾರಿನಂಥದ್ದಲ್ಲ. ಅಣಬೆ ಗಿಡವೇ ಅಲ್ಲವಲ್ಲ. ಅದರ ಜೀವಕೋಶದ ಗೋಡೆ ಕಟ್ಟಿರುವುದು ಮುಖ್ಯವಾಗಿ ಬೀಟಾ-ಗ್ಲುಕಾನ್ ಮತ್ತು ಕೈಟಿನ್ ಎಂಬ ಎರಡು ಬಗೆಯ ನಾರಿನಿಂದ. ಕೈಟಿನ್ ಅಂದರೆ ಕುಮಟಾ, ಅಂಕೋಲಾ ಕಡೆಯವರು ಶೆಟ್ಲಿ (ಸೀಗಡಿ) ಸುಲಿದು ಎಸೆಯುತ್ತಾರಲ್ಲ, ಆ ಸಿಪ್ಪೆಯಲ್ಲಿರುವುದೂ, ಏಡಿಯ ಚಿಪ್ಪಿನಲ್ಲಿರುವುದೂ ಅದೇ ವಸ್ತು. ಬೀಟಾ-ಗ್ಲುಕಾನನ್ನು ಮುರಿಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಕೈಟಿನ್ ಕೂಡ ನಮಗೆ ಪೂರ್ತಿ ಅರಗುವುದಿಲ್ಲ. ಹಾಗಾಗಿ ಇವೆರಡೂ ಹೊಟ್ಟೆ, ಸಣ್ಣ ಕರುಳು ದಾಟಿ, ಹೆಚ್ಚುಕಡಿಮೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಕಾದಿರುತ್ತವೆ ಬ್ಯಾಕ್ಟೀರಿಯಾ.

ಎಷ್ಟು ಬ್ಯಾಕ್ಟೀರಿಯಾ? 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರೂ ಜೊತೆಯವರೂ ಲೆಕ್ಕ ಹಾಕಿದ ಪ್ರಕಾರ, 70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ. ಅದರಲ್ಲಿ ಹೆಚ್ಚಿನವೆಲ್ಲ ದೊಡ್ಡ ಕರುಳಿನಲ್ಲೇ. ಎಲ್ಲ ಸೇರಿಸಿ ತೂಗಿದರೆ 200 ಗ್ರಾಂ. ನನ್ನ ಅಣಬೆ ಪ್ಯಾಕೆಟ್ಟಿನದೂ ಅದೇ ತೂಕ ಎಂದು ನಾದಿನಿಯ ಮಗಳು ನಕ್ಕಳು. ನಮ್ಮ ಜೀವಕೋಶಕ್ಕಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಇವೆ ಎಂದು ವಾಟ್ಸಾಪಿನಲ್ಲಿ ಈಗಲೂ ಓಡಾಡುವ ಮಾತನ್ನು ಈ ಲೆಕ್ಕ ಸುಳ್ಳು ಮಾಡಿತು. ಹೆಚ್ಚುಕಡಿಮೆ ಸರಿಸಮ, ಅಷ್ಟೇ.

ನಮ್ಮ ಕಡೆಯವರಿಗೆ ದೊಡ್ಡ ಕರುಳಿನ ಕೆಲಸ ವಿವರಿಸುವುದು ಸುಲಭ. ಕೊಟ್ಟಿಗೆ ಇದ್ದಲ್ಲೆಲ್ಲ ಗೋಬರ್ ಗ್ಯಾಸ್ ಗುಂಡಿ ಇದೆ. ಗಾಳಿ ಆಡದ ಜಾಗ, ಒಳಗೆ ಕಣ್ಣಿಗೆ ಕಾಣದ ಜೀವಿಗಳು, ಮೇಲಿಂದ ಸುರಿದದ್ದನ್ನು ಅವು ತಿಂದು ಗ್ಯಾಸ್ ಬಿಡುತ್ತವೆ, ಉಳಿದದ್ದು ಬಗ್ಗಡವಾಗಿ ಹೊರಗೆ. ದೊಡ್ಡ ಕರುಳಿನಲ್ಲಿ ಆಗುವುದೂ ಇದೇ. ಒಂದೇ ವ್ಯತ್ಯಾಸ, ಅಲ್ಲಿ ಗ್ಯಾಸಿಗಿಂತ ಮುಖ್ಯವಾದ ಸರಕು ಬೇರೆ ಇದೆ. ನಾರನ್ನು ತಿಂದ ಬ್ಯಾಕ್ಟೀರಿಯಾ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ಇದರಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಮುಖ್ಯ ಆಹಾರ. ನಾವು ಉಂಡದ್ದು ರಕ್ತಕ್ಕೆ ಹೋಗಿ ಅಲ್ಲಿಂದ ಆ ಕೋಶಗಳಿಗೆ ಸಿಗುವುದಕ್ಕಿಂತ, ಪಕ್ಕದಲ್ಲೇ ಬ್ಯಾಕ್ಟೀರಿಯಾ ಬೇಯಿಸಿ ಬಡಿಸಿದ್ದನ್ನೇ ಅವು ಹೆಚ್ಚು ನೆಚ್ಚಿಕೊಂಡಿವೆ. ನನಗಂತೂ ಇದು ಬಹಳ ಸೋಜಿಗ ಅನ್ನಿಸಿತು.

ಇಲ್ಲಿಯವರೆಗೆ ನಿಮ್ಮ ಬರಹವೂ ಸರಿಯಾಗೇ ಇತ್ತು. ಜಾರಿದ್ದು ಇದರ ಮುಂದೆ.

ಜನರ ಮೇಲೇ ನಡೆದ ಒಂದು ಪರೀಕ್ಷೆಯನ್ನು ನೋಡಿ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. ಆರೋಗ್ಯವಂತರಾದ 32 ಜನ. 10 ದಿನ ದಿನಕ್ಕೆ 226 ಗ್ರಾಂ ಗುಂಡಿ ಅಣಬೆ ತಿನ್ನುವುದು, ಇನ್ನೊಂದು 10 ದಿನ ಅಷ್ಟೇ ಪ್ರೋಟೀನು ಸಿಗುವಷ್ಟು ಮಾಂಸ ತಿನ್ನುವುದು. ಎರಡನ್ನೂ ಎಲ್ಲರೂ ಮಾಡಿದರು. ಅಣಬೆ ತಿಂದಾಗ ಮಲದ ತೂಕ ಹೆಚ್ಚಿತು, ಅದರಲ್ಲಿ ಅರಗದ ಅಣಬೆ ಚೂರುಗಳೂ ಇದ್ದವು. ಇದಕ್ಕೆ ಲ್ಯಾಬೇ ಬೇಕಿರಲಿಲ್ಲ, ಅಣಬೆ ತಿನ್ನುವ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ! ಬ್ಯಾಕ್ಟೀರಿಯಾ ಪೈಕಿ ಬ್ಯಾಕ್ಟೀರಾಯ್ಡೀಟ್ಸ್ ಎಂಬ ಗುಂಪು ಹೆಚ್ಚಿತು, ಫರ್ಮಿಕ್ಯೂಟ್ಸ್ ಎಂಬ ಗುಂಪು ಕಡಿಮೆಯಾಯಿತು. ಆದರೆ ಆಗಲೇ ಹೇಳಿದ ಆ ಒಳ್ಳೆಯ ಆಮ್ಲಗಳಿವೆಯಲ್ಲ, ಅವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈಗ ನಿಮ್ಮ ಬರಹದ "ಕೆಟ್ಟ ಬ್ಯಾಕ್ಟೀರಿಯಾ ನಾಶ" ಎಂಬ ಮಾತಿಗೆ ಬನ್ನಿ. ಕಡಿಮೆಯಾದದ್ದು ಫರ್ಮಿಕ್ಯೂಟ್ಸ್. ಹಾಗಾದರೆ ಅದು ಕೆಟ್ಟದ್ದಾ? ಬ್ಯುಟಿರೇಟ್ ತಯಾರಿಸುವ ಹೆಸರಾಂತ ಬ್ಯಾಕ್ಟೀರಿಯಾಗಳು ಇರುವುದೇ ಆ ಗುಂಪಿನಲ್ಲಿ. ಫೀಕಾಲಿಬ್ಯಾಕ್ಟೀರಿಯಂ ಎಂಬುದೊಂದಿದೆ, ಅದರ ಹೆಸರು ಹೇಳುವಷ್ಟರಲ್ಲಿ ನನ್ನ ನಾಲಿಗೆ ತೊಡರುತ್ತದೆ, ಅದೂ ಅದೇ ಗುಂಪು. ಹಾಗಾಗಿ ಒಂದು ಗುಂಪನ್ನು ಕೆಟ್ಟದ್ದು, ಇನ್ನೊಂದನ್ನು ಒಳ್ಳೆಯದು ಎಂದು ಬರೆದುಬಿಡಲು ಬರುವುದಿಲ್ಲ. 10 ದಿನ ಅಣಬೆ ತಿಂದರೆ ಒಳಗಿನ ಲೆಕ್ಕಾಚಾರ ಬದಲಾಯಿತು. ಆ ಪರೀಕ್ಷೆ ಹೇಳಿದ್ದು ಅಷ್ಟು. ಬದಲಾವಣೆಯೇ ಗುಣ ಅಲ್ಲ.

ಶುಗರ್ ವಿಷಯ ಎಲ್ಲಿಂದ ಬಂತು ಎಂದು ಹುಡುಕಿದೆವು. ಅಮೆರಿಕದ್ದೇ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರ ಕೆಲಸ, ಅದೂ 2018ರ ಹೊತ್ತಿನದು. ಬಿಳಿ ಗುಂಡಿ ಅಣಬೆ ತಿಂದವರ ಕರುಳಿನಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ಅದು ಪ್ರೊಪಿಯೊನೇಟ್, ಸಕ್ಸಿನೇಟ್ ಎಂಬ ಆಮ್ಲಗಳನ್ನು ತಯಾರಿಸಿ, ಅದರಿಂದ ಗ್ಲುಕೋಸ್ ನಿಭಾಯಿಸುವ ಜೀನುಗಳ ಕೆಲಸ ಬದಲಾಯಿತು. ಓದಲು ಭರ್ಜರಿಯಾಗಿದೆ. ಆದರೆ ತಿಂದವರು ಯಾರು? ಇಲಿಗಳು. ಇಲಿಗೆ ಆದದ್ದು ನಮಗೆ ಆಗಬಾರದು ಎಂದೇನಿಲ್ಲ. ಆಗಿಯೇ ತೀರುತ್ತದೆ ಎಂದೂ ಇಲ್ಲ. ನಿಮ್ಮ ಬರಹದಲ್ಲಿ ಇಲಿ ಎಂಬ ಎರಡಕ್ಷರ ಎಲ್ಲೂ ಇರಲಿಲ್ಲ.

ನನ್ನ ಚಿಪ್ಪು ಅಣಬೆಯ ಬಗ್ಗೆಯೂ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಗ್ರೀಸಿನವರು 2020ರಲ್ಲಿ ಪ್ರಕಟಿಸಿದ್ದು. 55 ದಾಟಿದವರ ಮಲದ ಮಾದರಿ ತೆಗೆದುಕೊಂಡು, ಪಾತ್ರೆಯೊಳಗೆ ಅದಕ್ಕೆ ಚಿಪ್ಪು ಅಣಬೆಯೂ ಸೇರಿದಂತೆ ಕೆಲವು ಅಣಬೆ ಹಾಕಿ ಹುದುಗಿಸಿ ನೋಡಿದರು. ಕರುಳಿಗೆ ಒಳ್ಳೆಯವು ಎನ್ನುವ ಬೈಫಿಡೋಬ್ಯಾಕ್ಟೀರಿಯಾ ಹೆಚ್ಚಿದವು. ಸಂತೋಷದ ಸುದ್ದಿಯೇ. ಆದರೆ ಅದು ಪಾತ್ರೆ. ಪಾತ್ರೆಗೆ ಮಜ್ಜಿಗೆ ಅನ್ನ ಹೋಗುವುದಿಲ್ಲ, ರಾತ್ರಿ ನಿದ್ದೆ ಕೆಡುವುದಿಲ್ಲ, ಬಿ.ಪಿ. ಮಾತ್ರೆಯೂ ಬೀಳುವುದಿಲ್ಲ.

ಈ ಮೂರನ್ನೂ ಸೇರಿಸಿ ನಾನು ಗಿರಾಕಿಗಳಿಗೆ ಹೇಳುವುದು ಇಷ್ಟು: ಅಣಬೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಒಂದು ಹೊಸ ಬಗೆಯ ಊಟ. ಅವು ಅದನ್ನು ತಿನ್ನುತ್ತವೆ, ತಿಂದು ಬದಲಾಗುತ್ತವೆ. ಒಳ್ಳೆಯದಾಗುವ ಸೂಚನೆ ಇದೆ. ಇಂಥ ಕಾಯಿಲೆ ವಾಸಿಯಾಗುತ್ತದೆ ಎನ್ನುವಷ್ಟು ಆಧಾರ ಇಲ್ಲ. ಇದನ್ನು ಕೇಳಿ ಅರ್ಧ ಜನ ಮುಖ ಸಣ್ಣ ಮಾಡುತ್ತಾರೆ. ಉಳಿದರ್ಧ ಜನ ಕೊಂಡುಹೋಗುತ್ತಾರೆ, ಮುಂದಿನ ವಾರವೂ ಬರುತ್ತಾರೆ. ನನಗೆ ಎರಡನೆಯವರು ಸಾಕು.

ನಿಮ್ಮ ಬರಹ ಹೇಳದೇ ಬಿಟ್ಟ ಇನ್ನೊಂದು ವಿಷಯ ಗ್ಯಾಸ್. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಬೈಗುಳ ತಿನ್ನುವವಳು ನಾನು.

ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ನಿಮ್ಮ ಪುಟ ಓದಿ, ಪೇಟೆಗೆ ಹೋಗಿ ದೊಡ್ಡ ಅಂಗಡಿಯಲ್ಲಿ ಎರಡು ಡಬ್ಬಿ ಗುಂಡಿ ಅಣಬೆ ತಂದರು. ಜನ್ಮದಲ್ಲಿ ಅಣಬೆ ಮುಟ್ಟಿದವರಲ್ಲ. ಒಂದೇ ರಾತ್ರಿ ಎರಡನ್ನೂ ಬೆಣ್ಣೆ, ಕಾಳುಮೆಣಸು ಹಾಕಿ ಹುರಿದು ಅವರೊಬ್ಬರೇ ತಿಂದರು. ಮನೆಯವರು ಯಾರೂ ಮುಟ್ಟಲಿಲ್ಲವಂತೆ. ಬೆಳಗಾಗುವಷ್ಟರಲ್ಲಿ ಹೊಟ್ಟೆ ಡೋಲು. ಅಣಬೆ ನನ್ನದಲ್ಲ, ಆದರೆ ಊರಿನಲ್ಲಿ ಅಣಬೆ ಎಂದರೆ ನಾನೇ ತಾನೆ? ಸೀದಾ ನಮ್ಮ ಮನೆ ಜಗಲಿಗೆ ಬಂದು ಕೂತರು. "ಎಂತ ವಿಷ ಬೆಳೀತಿದ್ದೀರಿ ನೀವೆಲ್ಲ?" ನಾನು ಬಿಸಿನೀರು ಕೊಟ್ಟೆ, ಓಂಕಾಳು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ತಣ್ಣಗಾದರು, ಹೊಟ್ಟೆಯೂ ಮಾಸ್ತರರೂ.

ಅದು ವಿಷ ಅಲ್ಲ. ಅಣಬೆಯಲ್ಲಿ ಮ್ಯಾನಿಟಾಲ್ ಎಂಬ ಒಂದು ಬಗೆಯ ಸಕ್ಕರೆ ಇದೆ. ಗುಂಡಿ ಅಣಬೆಯಲ್ಲಿ ಅದು ಜಾಸ್ತಿ. ಸಣ್ಣ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಹೋದರೆ ಬ್ಯಾಕ್ಟೀರಿಯಾಗಳಿಗೆ ಜಾತ್ರೆ. ನೀರೂ ಎಳೆದುಕೊಳ್ಳುತ್ತದೆ, ಗ್ಯಾಸೂ ಹುಟ್ಟುತ್ತದೆ. ಕರುಳು ಸೂಕ್ಷ್ಮ ಇದ್ದವರಿಗೆ, ಪದೇಪದೇ ಹೊಟ್ಟೆ ಉಬ್ಬರಿಸಿ ನೋಯುವ ಐ.ಬಿ.ಎಸ್. ಇದ್ದವರಿಗೆ ಇದು ಹೆಚ್ಚು ತೊಂದರೆ ಕೊಡುತ್ತದೆ. ಟ್ರೆಹಲೋಸ್ ಎಂಬ ಇನ್ನೊಂದು ಸಕ್ಕರೆಯೂ ಅಣಬೆಯಲ್ಲಿದೆ, ಅದನ್ನು ಒಡೆಯುವ ಕಿಣ್ವ ಕೆಲವೇ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಸ್ವಲ್ಪ ತಿಂದರೂ ಭೇದಿ ಆದೀತು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಐ.ಬಿ.ಎಸ್. ಇದ್ದವರಿಗಾಗಿ ಯಾವ ಆಹಾರದಲ್ಲಿ ಇಂಥ ಸಕ್ಕರೆ ಎಷ್ಟಿದೆ ಎಂದು ಅಳೆದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಹಸಿ ಗುಂಡಿ ಅಣಬೆ ಜಾಸ್ತಿ ಎಂಬ ಕಡೆ ಇದೆ, ಚಿಪ್ಪು ಅಣಬೆ ಕಡಿಮೆ ಎಂಬ ಕಡೆ. ಇದನ್ನು ನೋಡಿ ನಾನು ಶೆಡ್ಡಿನಲ್ಲಿ ಒಬ್ಬಳೇ ಹಿಗ್ಗಿದ್ದು ಸುಳ್ಳಲ್ಲ. ಇಷ್ಟು ಚೆನ್ನಾದ ವಿಷಯವನ್ನು ಯಾವ ಬರಹದಲ್ಲೂ ಯಾರೂ ಹಾಕುವುದಿಲ್ಲ, ಇಲಿಯ ಶುಗರ್ ಮಾತ್ರ ಹಾಕುತ್ತಾರೆ ನೋಡಿ.

ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು: ಮೊದಲ ಸಲ ನಾಲ್ಕು ಚಮಚ ಪಲ್ಯ ಸಾಕು. ಎರಡು ದಿನ ಬಿಟ್ಟು ಇನ್ನೊಮ್ಮೆ. ಹಸಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿ. ಗೋಬರ್ ಗ್ಯಾಸ್ ಗುಂಡಿಗೆ ಒಂದೇ ದಿನ ಬೇರೆ ಸರಕು ಸುರಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ಇನ್ನು ಪುಡಿ. ನಿಜವಾದ ಸಿಟ್ಟು ಇರುವುದು ಇಲ್ಲಿ.

ಹೋದ ಮಳೆಗಾಲದಲ್ಲಿ ಒಬ್ಬರು ನಮ್ಮ ಮನೆಗೆ ಬಂದರು. ಒಣಗಿಸಿದ ಅಣಬೆ ಎಷ್ಟಿದ್ದರೂ ಕೊಳ್ಳುತ್ತೇವೆ ಎಂದರು. ಒಳ್ಳೆಯ ರೇಟು. ಮುರುಕಲು, ಅಂಚು ಹಳದಿಯಾದದ್ದು ಇದ್ದರೂ ಪರವಾಗಿಲ್ಲ, ಹೇಗೂ ಪುಡಿ ಮಾಡುವುದು ಎಂದರು. ಡಬ್ಬಿಯ ಮಾದರಿ ತೋರಿಸಿದರು. ಹಸಿರು ಬಣ್ಣ, ಮೇಲೆ ಕರುಳಿನ ಚಿತ್ರ, ಕೆಳಗೆ "ಮಧುಮೇಹ, ರಕ್ತದೊತ್ತಡ, ಬೊಜ್ಜು ಮೂರಕ್ಕೂ ಒಂದೇ ಪರಿಹಾರ". ದಿನಕ್ಕೆ ಒಂದು ಚಮಚ. ಒಂದು ಚಮಚ ಪುಡಿ ಎಂದರೆ ಹೆಚ್ಚೆಂದರೆ ನಾಲ್ಕೈದು ಗ್ರಾಂ. ಮಿನ್ನೆಸೋಟಾದವರು ತಿಂದದ್ದು ದಿನಕ್ಕೆ 226 ಗ್ರಾಂ ಹಸಿ ಅಣಬೆ. ಒಣಗಿಸಿದರೆ ಅದು ಸುಮಾರು 18 ಗ್ರಾಂ ಆದೀತು. ಅಷ್ಟು ತಿಂದವರಲ್ಲೇ ಆಮ್ಲಗಳ ಲೆಕ್ಕ ಅಲುಗಲಿಲ್ಲ. ಒಂದು ಚಮಚದಲ್ಲಿ ಮೂರು ಕಾಯಿಲೆ ಹೋಗುತ್ತದೆಯಾ?

ನಾನು ಕೊಡುವುದಿಲ್ಲ ಎಂದೆ. ಆ ಪುಣ್ಯಾತ್ಮ ಬೇರೆ ಕಡೆಯಿಂದ ತಂದಿರಬೇಕು, ಡಬ್ಬಿಯಂತೂ ಈಗ ಎಲ್ಲ ಕಡೆ ಸಿಗುತ್ತಿದೆ. ನಮ್ಮ ಪಕ್ಕದ ಊರಿನ ಒಬ್ಬ ಹಿರಿಯರು ಅದನ್ನು ತೆಗೆದುಕೊಳ್ಳಲು ಶುರುಮಾಡಿ, ಶುಗರ್ ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದರು. ಡಾಕ್ಟರನ್ನು ಕೇಳಿಲ್ಲ. "ಪೇಪರಿನಲ್ಲೇ ಬಂದಿದೆಯಲ್ಲ ತಂಗಿ" ಎಂದು ನನಗೇ ಹೇಳಿದರು. ಅವರ ಮಗಳಿಗೆ ಫೋನ್ ಮಾಡಿ ತಿಳಿಸಿದೆ. ಅವಳು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಮಾತ್ರೆ ಮತ್ತೆ ಮೊದಲಿನಷ್ಟೇ ಆಯಿತು. ಪೇಪರಿನಲ್ಲಿ ಬಂದದ್ದು ಎಂದರೆ ಇನ್ನೂ ಇಷ್ಟು ನಂಬುವ ಜನ ಇದ್ದಾರೆ. ನಿಮಗೆ ಇದು ಗೊತ್ತಿರಬೇಕು ಎಂದೇ ಈ ಸಂಗತಿ ಬರೆದೆ.

ಮಧುಮೇಹ, ರಕ್ತದೊತ್ತಡ, ಬೊಜ್ಜು, ಕ್ಯಾನ್ಸರ್ ಇವನ್ನೆಲ್ಲ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ತಡೆಯುವ ಕಾನೂನು ನಮ್ಮಲ್ಲಿ 1954ರಿಂದಲೇ ಇದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ. ಯಾವ ಯಾವ ಕಾಯಿಲೆ ಎಂದು ಅದರಲ್ಲೇ ಪಟ್ಟಿ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೂ ಆಹಾರ ಪದಾರ್ಥವನ್ನು ರೋಗ ವಾಸಿ ಮಾಡುವ ವಸ್ತು ಎಂದು ಮಾರಬಾರದು ಎನ್ನುತ್ತದೆ. ನಾನು ಪ್ಯಾಕೆಟ್ಟಿನ ಚೀಟಿ ಮಾಡಿಸುವಾಗ ಇದನ್ನೆಲ್ಲ ತಿಳಿದುಕೊಳ್ಳಬೇಕಾಯಿತು. ಹಳ್ಳಿಯ ಹೆಂಗಸು ಚೀಟಿ ಅಚ್ಚು ಹಾಕಿಸುವಾಗ ನೋಡಬೇಕಾದ ಕಾನೂನನ್ನು ಪತ್ರಿಕೆಯ ಜಾಹೀರಾತು ವಿಭಾಗ ನೋಡುವುದು ಬೇಡವಾ?

ಕರುಳು ಚೆನ್ನಾಗಿರಬೇಕು ಎನ್ನುವವರಿಗೆ ಡಬ್ಬಿಗಿಂತ ಸುಲಭದ ದಾರಿ ನಮ್ಮ ಹಿತ್ತಲಲ್ಲೇ ಇದೆ. ಅಮೆರಿಕನ್ ಗಟ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ಸಾವಿರಾರು ಜನ ತಮ್ಮ ಮಲದ ಮಾದರಿ ಕಳಿಸಿದ್ದರು. ಅದರ ಫಲಿತಾಂಶ 2018ರಲ್ಲಿ ಬಂತು. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, 10 ಅಥವಾ ಅದಕ್ಕೂ ಕಡಿಮೆ ಬಗೆ ತಿನ್ನುವವರಿಗಿಂತ ಹೆಚ್ಚು ತರಹದ ಬ್ಯಾಕ್ಟೀರಿಯಾ ಇದ್ದವು. 30 ಎಂದರೆ ಪೇಟೆಯವರು ಹೌಹಾರುತ್ತಾರೆ. ನಮ್ಮ ಅತ್ತೆಯವರ ಒಂದು ವಾರದ ಅಡುಗೆ ಲೆಕ್ಕ ಹಾಕಿ ನೋಡಿ. ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಕೆಸುವಿನ ಸೊಪ್ಪಿನ ಕರಕಲಿ, ಬಸಳೆ, ಹೀರೆಸಿಪ್ಪೆ ಚಟ್ನಿ, ಮಳೆಗಾಲದಲ್ಲಿ ಕಳಲೆ, ಬೇಸಿಗೆಯಲ್ಲಿ ಹಲಸಿನ ಬೀಜ, ಅಪ್ಪೆಹುಳಿ, ಹುರುಳಿ, ಹೆಸರು, ಎಳ್ಳು, ಜೀರಿಗೆ, ಕರಿಬೇವು. ಗುರುವಾರ ಬರುವಷ್ಟರಲ್ಲಿ ಮೂವತ್ತಾಗಿರುತ್ತದೆ.

ಅದೇ ಅತ್ತೆಯವರು ಅಣಬೆಯನ್ನು ಇಂದಿಗೂ ಅಡುಗೆಮನೆ ಒಳಗೆ ಬಿಟ್ಟುಕೊಂಡಿಲ್ಲ. ಹಳೆಯ ಮನೆಗಳಲ್ಲಿ ಇದು ಮಾಮೂಲು. ಹಿಂದುಗಡೆ ಒಲೆಯಲ್ಲಿ ಬೇರೆ ಬಾಣಲೆ ಇಟ್ಟುಕೊಂಡು ನಾನೂ ಮಕ್ಕಳೂ ಮಾಡಿಕೊಳ್ಳುತ್ತೇವೆ. ಆದರೆ ಕೊಯ್ದ ಅಣಬೆ ತೂಗಿ ಪ್ಯಾಕ್ ಮಾಡಲು ಅವರೇ ಮುಂದೆ. ದುಡ್ಡಿಗೆ ಮೈಲಿಗೆ ಇಲ್ಲವಲ್ಲ ಎಂದು ನಾನು ಛೇಡಿಸಿದರೆ, "ಸುಮ್ನಿರು" ಎನ್ನುತ್ತಾರೆ. ಅವರ ಕರುಳು ಅಣಬೆ ಇಲ್ಲದೆಯೂ ಎಪ್ಪತ್ತೈದು ದಾಟಿ ಗಟ್ಟಿಯಾಗಿದೆ. ಡಬ್ಬಿಯವರ ಮುಂದೆ ನಾನು ಇದನ್ನೇ ಹೇಳಿದ್ದು.

ಇನ್ನೊಂದು ಮಾತು ಮಳೆಗಾಲಕ್ಕೆ ಸಂಬಂಧಿಸಿದ್ದು. ನಿಮ್ಮ ಬರಹ ಬಂದ ಮೇಲೆ, ಬೆಳೆದ ಅಣಬೆಗೆ ಔಷಧಿ ಹೊಡೆದಿರುತ್ತಾರೆ, ಕಾಡಿನದೇ ಒಳ್ಳೆಯದು ಎಂದು ಬೆಟ್ಟಕ್ಕೆ ಹೊರಟವರನ್ನೂ ಕಂಡೆ. ಹುತ್ತದ ಅಣಬೆಯ ರುಚಿಗೆ ನನ್ನ ಅಣಬೆ ಸಮನಲ್ಲ, ಒಪ್ಪುತ್ತೇನೆ. ಕಾರವಾರದ ಕಡೆ ಮೊದಲ ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲಿ ಎಲೆಯಲ್ಲಿ ಕಟ್ಟಿ ಮಾರುವ ಆ ಅಣಬೆಗೆ ಚೌಕಾಸಿ ಮಾಡಿದರೂ ಬೆಲೆ ಇಳಿಯುವುದಿಲ್ಲ. ಅದು ಶೆಡ್ಡಿನಲ್ಲಿ ಬೆಳೆಯುವಂಥದ್ದೂ ಅಲ್ಲ. ಗೆದ್ದಲು ತನಗೆ ಅರಗದ ಕಟ್ಟಿಗೆ ಪುಡಿಯನ್ನು ಹುತ್ತದೊಳಗೆ ಈ ಅಣಬೆಯ ಎಳೆಗಳಿಗೆ ತಿನ್ನಿಸಿ, ಅವು ಮೆದುಮಾಡಿದ್ದನ್ನು ತಾನು ತಿನ್ನುತ್ತದೆ. ಗೆದ್ದಲಿಲ್ಲದೆ ಆ ಅಣಬೆ ಇಲ್ಲ, ಅಣಬೆ ಇಲ್ಲದೆ ಆ ಗೆದ್ದಲೂ ಇಲ್ಲ. ನಮ್ಮ ಕರುಳಿನ ವಿಷಯ ಓದಿದ ಮೇಲೆ ನನಗೆ ಈ ಗೆದ್ದಲಿನ ಮೇಲೆ ಗೌರವ ಹೆಚ್ಚಾಗಿದೆ, ಮನೆ ಬಾಗಿಲ ಚೌಕಟ್ಟು ತಿಂದರೂ.

ಆದರೆ ಅದನ್ನು ಆರಿಸುವವರು ಚಿಕ್ಕಂದಿನಿಂದ ಅಮ್ಮ, ಅಜ್ಜಿಯ ಹಿಂದೆ ಹೋಗಿ ಕಲಿತವರು. ಪೇಪರ್ ಓದಿ ಕಲಿಯುವ ವಿದ್ಯೆ ಅಲ್ಲ. ಬಯಲಿನಲ್ಲಿ, ಹುಲ್ಲಿನ ಮೇಲೆ ದೊಡ್ಡ ಬಿಳಿ ಕೊಡೆ, ಮೇಲೆ ಕಂದು ಹೊಪ್ಪಳೆ ಇರುವ ಒಂದು ಅಣಬೆ ಬರುತ್ತದೆ. ನೋಡಲು ತಿನ್ನುವಂತೆಯೇ ಕಾಣುತ್ತದೆ. ಬಲಿತಾಗ ಅಡಿಯ ಗೆರೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಇದಕ್ಕಿಂತ ಕೆಟ್ಟವು ಇನ್ನೊಂದು ಜಾತಿಯವು. ಅವನ್ನು ತಿಂದರೆ ಆರು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಶುರುವಾಗಿ, ನಡುವೆ ಗುಣವಾದಂತೆ ಕಂಡು, ಅಷ್ಟರಲ್ಲಿ ಲಿವರ್ ಹಾಳಾಗಿರುತ್ತದೆ. ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಬೆಳ್ಳುಳ್ಳಿ ಬಣ್ಣ ಬದಲಾಗಲಿಲ್ಲ, ಹುಳ ತಿಂದಿದೆ, ಹಾಗಾಗಿ ನಾವೂ ತಿನ್ನಬಹುದು ಎಂಬ ಮಾತುಗಳನ್ನೆಲ್ಲ ನಂಬಬೇಡಿ. ಒಂದೂ ನಿಜವಲ್ಲ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ತಿಂದು ಹೊಟ್ಟೆ ಕೆಟ್ಟರೆ ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡೇ ಆಸ್ಪತ್ರೆಗೆ ಹೋಗಬೇಕು.

ನನ್ನಂತೆ ಬೆಳೆಯುವ ಹೆಂಗಸರು ಈ ಜಿಲ್ಲೆಯಲ್ಲಿ ಬೇರೆಯವರೂ ಇದ್ದಾರೆ. ಅವರಿಗೂ ಒಂದು ಮಾತು. ಚೀಟಿಯ ಮೇಲೆ ಔಷಧಿ ಗುಣ ಬರೆಯುವ ಜಾಗದಲ್ಲಿ ಕೊಯ್ದ ದಿನ ಬರೆಯಿರಿ. ಚಿಪ್ಪು ಅಣಬೆ ಫ್ರಿಜ್ಜಿನಲ್ಲಿಟ್ಟರೂ ಮೂರ್ನಾಲ್ಕು ದಿನದ ಮೇಲೆ ಲೋಳೆಯಾಗಿ ಹುಳಿವಾಸನೆ ಬರುತ್ತದೆ. ಹಳತು ತಿಂದು ಹೊಟ್ಟೆ ಕೆಟ್ಟವರು ಮತ್ತೆ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಬೀಜವನ್ನೂ ನಂಬಿಕೆಯ ಕಡೆಯಿಂದಲೇ ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೀಜವನ್ನೂ ಕೊಡುತ್ತಾರೆ, ತರಬೇತಿಯನ್ನೂ ಕೊಡುತ್ತಾರೆ.

ನಿಮ್ಮಲ್ಲಿ ನಾನು ಕೇಳುವುದು ಎರಡು. ಆರೋಗ್ಯ ಪುಟದಲ್ಲಿ ಸಂಶೋಧನೆ ಎಂದು ಬರೆಯುವಾಗ ಅದು ಇಲಿಯದ್ದೋ, ಪಾತ್ರೆಯದ್ದೋ, ಮನುಷ್ಯರದ್ದೋ, ಎಷ್ಟು ಜನ, ಎಷ್ಟು ದಿನ ಎಂದು ಒಂದು ಸಾಲು ಸೇರಿಸಿ. ಪಕ್ಕದಲ್ಲಿ ಅದೇ ವಸ್ತುವಿನ ಜಾಹೀರಾತು ಇದ್ದರೆ ಅದನ್ನು ಬೇರೆ ಪುಟಕ್ಕೆ ಹಾಕಿ, ಮೂರು ಕಾಯಿಲೆಯ ಡಬ್ಬಿಯಾದರೆ ಹಾಕಲೇಬೇಡಿ. ಎರಡನೆಯದು, ಮುಂದಿನ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕಾಡಣಬೆ ವಿಷದ ಬಗ್ಗೆ ಅರ್ಧ ಪುಟ ಬಣ್ಣದ ಚಿತ್ರ ಸಮೇತ ಕೊಡಿ. ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿಯವರನ್ನು ಕೇಳಿದರೆ ಇಲ್ಲ ಎನ್ನಲಿಕ್ಕಿಲ್ಲ.

ಇತಿ,
ಒಬ್ಬ ಅಣಬೆ ಬೆಳೆಗಾರ್ತಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ